ಬಾಯಿಂದ ಬಂದ ಹೆಸರು

ಜನವರಿ 14, ಭಾನುವಾರ

ಗಂಟೆ ನನ್ನ ಅಡುಗೆಮನೆಯ ಮೇಜಿನ ಮೇಲೆ ಕೂತಿದೆ. ಬೇಡ ಬೇಡ ಅಂದರೂ ವಿಲ್ಫ್ರೆಡೋ ಅದನ್ನು ನನ್ನ ಚೀಲಕ್ಕೆ ತುರುಕಿಬಿಟ್ಟ. "ಇನ್ಮೇಲೆ ನೀನೇ ಕಮಿಷನರ್ ಕಣೇ ವರ್ನಾ. ನಮ್ಮಲ್ಲಿ ಹೆದರೋಳು ಅಂದ್ರೆ ನೀನೊಬ್ಬಳೇ. ಹೆದರದವರ ಕೈಗೆ ಗಂಟೆ ಕೊಡಬಾರದು." ಅವನು ಕ್ಷೌರದಂಗಡಿ ಇಟ್ಟವನು, ಮಾತಿಗೇನು ಬರ. ಎಲ್ಲರೂ ನಕ್ಕರು.

ನಮ್ಮ ಬೇಸ್‌ಬಾಲ್ ಲೀಗ್ ಹುಟ್ಟಿದಾಗಿನಿಂದ ಈ ಗಂಟೆ ಹೊಡೆದವರು ಎಮರಿ ಬಾಲಿಂಟ್ ಅವರು. ಉಕ್ಕಿನ ಕಾರ್ಖಾನೆ ಮುಚ್ಚಿದ ದಿನ ಅಲ್ಲಿನ ಊಟದ ಮನೆಯಿಂದ ಎತ್ತಿಕೊಂಡು ಬಂದದ್ದಂತೆ. ಅಕ್ಟೋಬರಿನಲ್ಲಿ ಅವರಿಗೆ ಲಕ್ವ ಹೊಡೆಯಿತು. ಕೈಕಾಲು ಮೆಲ್ಲಗೆ ಬರುತ್ತಿವೆ, ಮಾತು ಬಂದಿಲ್ಲ. ತಲೆಯೊಳಗೆ ಎಲ್ಲಾ ಸರಿಯಾಗಿದೆಯಂತೆ, ಮಾತು ಬಾಯಿಗೆ ಬರುವಷ್ಟರಲ್ಲಿ ದಾರಿ ತಪ್ಪುತ್ತದಂತೆ. ಬೈಗುಳ ಮಾತ್ರ ನೆಟ್ಟಗೆ ಬರುತ್ತದೆ. ಅದರ ದಾರಿ ಬೇರೆ ಅಂತ ಡಾಕ್ಟರು ಹೇಳಿದರು ಅಂತ ಅವರ ಮಗಳು ಮಾರ್ಲಾ ಹೇಳಿದಳು.

ಎಂಟನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಈಗ ಶಾಲೆಗೆ ಹೋಗುವುದೇನೋ ಹೋಗುತ್ತೇನೆ, ಅಡುಗೆಮನೆಯ ಬಾಗಿಲಿಂದ, ಆಲೂಗಡ್ಡೆ ಬೇಯಿಸಲಿಕ್ಕೆ. ನಾನು ಎಂಟು ಜನರ ಜಗಳ ಬಿಡಿಸುವುದು ಹೇಗೆ? ಗಂಟೆ ಕಳ್ಳರ ಪಾಲಾದರೆ? ಚೀಲದಲ್ಲೇ ಇಟ್ಟುಕೊಂಡು ತಿರುಗುವುದು ವಾಸಿ. ಇವತ್ತು ಚರ್ಚಿಗೆ ಹೊರಟವಳು ಒಲೆ ಆರಿಸಿದೆನಾ ಅಂತ ನೋಡಲು ಎರಡು ಸಲ ವಾಪಸ್ ಬಂದೆ. ಆರಿಸಿದ್ದೆ.

ಜನವರಿ 17, ಬುಧವಾರ

ಟ್ವೈಲಾ ನನ್ನ ಪಕ್ಕ ನಿಂತು ತರಕಾರಿ ಹೆಚ್ಚುವವಳು. ಕಮಿಷನರ್ ಆದೆ ಅಂದದ್ದೇ ತಡ, "ಪೊಲೀಸಾ?" ಅಂದಳು.

"ಬೇಸ್‌ಬಾಲಿಗೆ. ನಮ್ಮ ಕಲ್ಪನೆಯ ಲೀಗಿಗೆ."

"ನೀವು ಆಡ್ತೀರಾ?"

"ಇಲ್ಲ."

"ಆಟಗಾರರನ್ನ ದುಡ್ಡು ಕೊಟ್ಟು ಇಟ್ಕೊಂಡಿದ್ದೀರಾ?"

"ಇಲ್ವೇ. ಮಾರ್ಚಿನಲ್ಲಿ ಎಲ್ಲಾ ಒಂದು ಮೇಜಿಗೆ ಕೂತು ಸರದಿ ಮೇಲೆ ಹೆಸರು ಹೇಳಿ ತಂಡ ಕಟ್ಕೋತೀವಿ. ನಿಜವಾದ ಆಟಗಾರರ ಹೆಸರು. ಒಬ್ಬರು ಹೇಳಿದ್ದನ್ನ ಇನ್ನೊಬ್ಬರು ಹೇಳೋ ಹಾಗಿಲ್ಲ. ಆಮೇಲೆ ಅವರು ಮೈದಾನದಲ್ಲಿ ಎಸೆದದ್ದು, ಹೊಡೆದದ್ದು, ಓಡಿದ್ದು ಎಲ್ಲಾ ನಮ್ಮ ಲೆಕ್ಕಕ್ಕೆ."

"ಹಂಗಾದ್ರೆ ಬೇಸಿಗೆ ಪೂರ್ತಿ ನಿಮ್ಮ ಕೆಲಸ ಏನು?"

ಯೋಚಿಸಿ ನೋಡಿದೆ. "ಚಿಂತೆ ಮಾಡೋದು" ಅಂದೆ.

"ಸರಿಯಾದೋಳನ್ನೇ ಹಿಡಿದಿದ್ದಾರೆ ಬಿಡು" ಅಂದಳು.

ಜನವರಿ 20, ಶನಿವಾರ

ಗೇಲ್ ಸ್ಟಕಿ ಫೋನ್ ಮಾಡಿದ. ಅವನದು ವಿಮೆಯ ಕಚೇರಿ. ಯಾವ ವಿಷಯವನ್ನೂ ಮೊದಲಿಂದಲೇ ಶುರುಮಾಡುತ್ತಾನೆ.

"ವರ್ನಾ, ನಿಯಮ ಏನು ಹೇಳುತ್ತೆ? ತಂಡದವರು ತಮ್ಮ ಬಾಯಿಂದಲೇ ಹೆಸರು ಹೇಳ್ಬೇಕು. ಕಾಗದ ಇಲ್ಲ, ಬೆರಳು ತೋರ್ಸೋದಿಲ್ಲ, ಇನ್ನೊಬ್ಬರು ಪರವಾಗಿ ಹೇಳೋ ಹಾಗಿಲ್ಲ. ಗಂಟೆ ಹೊಡೆದ್ರೆ ಮುಗೀತು, ಆಮೇಲೆ ಬದಲಾಯಿಸೋ ಹಾಗಿಲ್ಲ. ಒಂದರ ಹಿಂದೆ ಒಂದು ಎರಡು ಸರದಿ ಹೆಸರು ಬರದಿದ್ರೆ ಆ ವರ್ಷಕ್ಕೆ ಕುರ್ಚಿ ಬಿಡ್ಬೇಕು. ಇದನ್ನೆಲ್ಲಾ ಮಾಡಿದ್ದು ಯಾರು?"

"ಎಮರಿ ಅವರು."

"ಹಾಂ. ಕುಡಿದು ಬರೋರಿಗೆ ಅಂತ ಮಾಡಿದ್ದ. ಈಗ ಅವನ ಕಾಲಿಗೇ ತೊಡರುತ್ತೆ. ಈ ವರ್ಷ ಅವನ ಅಳಿಯ ಕೂರಲಿ ಅಂತ ನನ್ನ ಸಲಹೆ." ಆಮೇಲೆ ದನಿ ತಗ್ಗಿಸಿದ. "ನನಗೇನು ಖುಷಿ ಅಂದ್ಕೊಂಡ್ಯಾ? ಅವನು ಎಲ್ಲರೆದುರು ಬಾಯಿ ತೆರ್ಕೊಂಡು ಕೂರೋದನ್ನ ನನ್ನ ಕೈಲಿ ನೋಡೋಕಾಗಲ್ಲ."

ಅವನ ಮೇಲೆ ಸಿಟ್ಟು ಬರಲಿ ಅಂತ ಕಾದೆ, ಬರಲಿಲ್ಲ. ಅವನು ಹೇಳಿದ್ದು ಸರಿ. ಆದರೆ ನನ್ನ ಅಣ್ಣ ಸ್ಟಾಶ್ ತೀರಿಕೊಂಡ ವರ್ಷ, ಅವನ ಕುರ್ಚಿ ಯಾರಿಗೆ ಅಂತ ಮಾತು ನಡೆದಾಗ, ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿ ಎಮರಿ ಅವರು, "ಕುರ್ಚಿ ಖಾಲಿ ಬಿಡಬಾರದು, ಕೂತ್ಕೋ ವರ್ನಾ" ಅಂದಿದ್ದರು. ಅಷ್ಟೇ. ನನಗೆ ಆಟ ಗೊತ್ತಾ ಅಂತಲೂ ಕೇಳಲಿಲ್ಲ.

ಜನವರಿ 23, ಮಂಗಳವಾರ

ಅವರನ್ನೇ ಕೇಳಿಬಿಡೋಣ ಅಂತ ಹೋದೆ. ಮಂಗಳವಾರ ಶಾಲೆ ಬೇಗ ಬಿಡುತ್ತದೆ. ರಸ್ತೆಯೆಲ್ಲಾ ಮಂಜುಗಡ್ಡೆ, ಸರೋವರದ ಕಡೆಯಿಂದ ಗಾಳಿ. ಜಾರಿ ಬಿದ್ದು ಸೊಂಟ ಮುರಿದರೆ ಶಾಲೆಯವರಿಗೆ ಏನು ಹೇಳಲಿ ಅಂತ ದಾರಿಯುದ್ದಕ್ಕೂ ಮಾತು ಜೋಡಿಸುತ್ತಾ ನಡೆದೆ.

ಎಮರಿ ಅವರು ಕಿಟಕಿ ಪಕ್ಕ ಕೂತಿದ್ದರು. ಮುಖದ ಒಂದು ಪಕ್ಕ ಮಾತ್ರ ನಕ್ಕಿತು. "ಕಾಗದದ ಮೇಲೆ ಹೆಸರು ಬರೆದು ತೋರಿಸಬಹುದು ಅಂತ ನಿಯಮ ತಿದ್ದಲಾ?" ಅಂತ ಕೇಳಿದೆ. ತಲೆಯಾಡಿಸಿದರು, ಬೇಡ. "ನಿಮ್ಮ ಪರವಾಗಿ ಮಾರ್ಲಾ ಹೇಳಬಹುದಾ?" ಬೇಡ. "ಹಾಗಾದ್ರೆ ಅಳಿಯ..." ಅನ್ನುವಷ್ಟರಲ್ಲಿ, "ಥೂ, ನಿನ್ನ ಮನೆ ಹಾಳಾಗ!" ಅಂದರು. ಎಷ್ಟು ಸ್ಪಷ್ಟವಾಗಿ ಅಂದರು ಅಂದರೆ ಪಾತ್ರೆ ತೊಳೆಯುತ್ತಿದ್ದ ಮಾರ್ಲಾ ತಿರುಗಿ ನೋಡಿದಳು. ಆಮೇಲೆ ಎಡಗೈಯ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಒತ್ತಿದರು. ಆಯ್ಕೆಯ ದಿನ ಯಾರಾದರೂ ಮಾತು ಬದಲಾಯಿಸಲು ಬಂದರೆ ಅವರು ಮಾಡುತ್ತಿದ್ದದ್ದೇ ಹಾಗೆ. ಮುಗೀತು, ಇನ್ನು ಮಾತಿಲ್ಲ ಅಂತ.

ಅಂದರೆ ಬಾಯಿಂದಲೇ ಹೇಳುತ್ತಾರಂತೆ. ಇನ್ನು ಎರಡು ತಿಂಗಳಲ್ಲಿ!

ಹೊರಡುವಾಗ, "ಮುಂದಿನ ವಾರ ಬರ್ತೀನಿ, ಅಭ್ಯಾಸ ಮಾಡೋಣ. ಮಂಗಳವಾರ ನಮಗೆ ಬೇಗ ಬಿಡ್ತಾರೆ, ಮಂಗಳವಾರ ಬರ್ತೀನಿ" ಅಂದೆ. ಅವರು ಬಾಯಿ ತೆರೆದು ತುಂಬ ಹೊತ್ತು ಹುಡುಕಿ, "ಮಂಗಳವಾರ" ಅಂದರು. ಮಾರ್ಲಾ ಸೋಪಿನ ಕೈಯಲ್ಲೇ ಓಡಿ ಬಂದು ಅವರನ್ನು ತಬ್ಬಿಕೊಂಡಳು. ಬೈಗುಳ ಬಿಟ್ಟರೆ ಅದೇ ಮೊದಲ ಮಾತಂತೆ.

ಫೆಬ್ರವರಿ 6, ಮಂಗಳವಾರ

ಆಟಗಾರರ ಚಿತ್ರದ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ ಕೂತೆವು. ಯಾರು ಬೇಕು ಅಂತ ತೋರಿಸಿ ಅಂದೆ. ಹಾರ್ಲನ್ ಟೀಗ್ ಮೇಲೆ ಬೆರಳಿಟ್ಟರು. ಈ ವರ್ಷದ ಪಿಚರುಗಳಲ್ಲಿ, ಅಂದರೆ ಚೆಂಡು ಎಸೆಯುವವರಲ್ಲಿ, ಅವನನ್ನು ಮೀರಿಸಿದವರಿಲ್ಲ. ಆಸೆ ನೋಡು! ಟೋಪಿಯಿಂದ ಚೀಟಿ ಎತ್ತಿದಾಗ ಇವರಿಗೆ ಬಂದದ್ದು ಐದನೇ ಸರದಿ. ನನ್ನದು ಎರಡನೆಯದು.

ಮನೆಗೆ ಬಂದಮೇಲೆ ಹೊಳೆಯಿತು. ನನಗೂ ಒಂದು ತಂಡ ಇದೆ. ಅವರ ಗುಟ್ಟು ತಿಳಿದುಕೊಂಡು ಅವರಿಗಿಂತ ಮೊದಲು ಕೂರುತ್ತೇನೆ. ಟೀಗ್‌ನನ್ನು ನಾನು ತೆಗೆದುಕೊಂಡರೆ ಮೋಸ. ಬಿಟ್ಟರೆ? ಅದೂ ಒಂದು ಥರ ಮೋಸವೇ ತಾನೇ, ಉಳಿದವರಿಗೆ? ಊಟ ಸೇರಲಿಲ್ಲ. ಕೊನೆಗೆ, ನಾನು ಹೇಗೂ ಪಿಚರುಗಳನ್ನು ಮೊದಲು ತೆಗೆದುಕೊಳ್ಳುವವಳಲ್ಲ ಅಂತ ಸಮಾಧಾನ ಮಾಡಿಕೊಂಡೆ. ಪಿಚರುಗಳ ಮೊಣಕೈ ಯಾವಾಗ ಕೈಕೊಡುತ್ತದೋ ಗೊತ್ತಾಗುವುದಿಲ್ಲ. ನನಗೆ ವಯಸ್ಸಾದ, ಗಟ್ಟಿ ಮಂಡಿಯ, ಮನೆಯಿಂದ ಮೈದಾನಕ್ಕೆ, ಮೈದಾನದಿಂದ ಮನೆಗೆ ಹೋಗುವಂಥವರೇ ಆಗಬೇಕು. ಅಂಥವರಿಂದ ಯಾವ ವರ್ಷವೂ ಗೆದ್ದಿಲ್ಲ. ಆದರೆ ಯಾವ ವರ್ಷವೂ ಕೊನೆಗೂ ಬಂದಿಲ್ಲ.

ಫೆಬ್ರವರಿ 10, ಶನಿವಾರ

ಮಾರ್ಲಾ ಫೋನ್ ಮಾಡಿದ್ದಳು. "ಅಪ್ಪ ಬೆಳಿಗ್ಗೆಯಿಂದ ಕಿಟಕಿ ಹತ್ರ ಕೂತು ಮಂಗಳವಾರ, ಮಂಗಳವಾರ ಅಂತಿದ್ದಾರೆ" ಅಂದಳು. ಪಾಪ, ವಾರಗಳೆಲ್ಲಾ ಕಲಸಿಹೋಗಿವೆ ಅಂದೆ. ಅವಳು ನಕ್ಕು ಫೋನ್ ಇಟ್ಟಳು.

ಆಸ್ಪತ್ರೆಯವರಿಗೆ ತಿಳಿಸುವಂಥದ್ದಾ ಇದು? ಯೋಚನೆ ಹತ್ತಿದೆ.

ಫೆಬ್ರವರಿ 20, ಮಂಗಳವಾರ

"ಟೀ" ತನಕ ಬಂತು. ಅಲ್ಲಿಂದ ಮುಂದೆ ಹೋಗದು. ಕಾರ್ಡನ್ನು ಎಸೆದು ಬೈದರು. ನಾನು ಎತ್ತಿ ಕೊಟ್ಟೆ. ಮತ್ತೆ ಎಸೆದರು. ಮತ್ತೆ ಎತ್ತಿ ಕೊಟ್ಟೆ. ಮೂರನೇ ಸಲ ನನಗೂ ರೇಗಿ, "ಎತ್ಕೊಳ್ಳೋ ನೀನೇ!" ಅಂದುಬಿಟ್ಟೆ. ಆಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ. ಬಗ್ಗಿ ಎತ್ತಿಕೊಂಡರು, ನಗುತ್ತಾ.

ಶಾಲೆಯಿಂದ ಉಳಿದ ಸೇಬಿನ ಕಡುಬು ಒಯ್ದಿದ್ದೆ. ಎರಡು ತುಂಡು ತಿಂದರು.

ಮಾರ್ಚ್ 1, ಶುಕ್ರವಾರ

ದಾರಿಯಲ್ಲೇ ಅಲ್ಲವಾ ಅಂತ ಎಮರಿಯವರ ಮನೆಗೆ ಹೋಗಿ ಬಂದೆ. ದಾರಿಯಲ್ಲಿ ಅಂದರೆ ಬಸ್ಸಿನಿಂದ ಎರಡು ನಿಲ್ದಾಣ ಮುಂಚೆ ಇಳಿದರೆ.

ಒಂದು ಹಳೆಯ ಜಗಳ ನೆನಪಾಗಿ ಇಬ್ಬರೂ ನಕ್ಕೆವು. ಒಂದು ವರ್ಷ ವಿಲ್ಫ್ರೆಡೋ ಒಬ್ಬ ಆಟಗಾರನ ಉದ್ದದ ಹೆಸರು ಬಾಯಿಗೆ ಬರದೆ, "ಆ ಗದ್ದದವನು!" ಅಂತ ಕೂಗಿದ್ದ. ಗೇಲ್ ಆಗಲ್ಲ ಅಂದ. ಆಗ ಎಮರಿಯವರು, "ಗದ್ದದವನು ಅಂದ್ರೆ ಯಾರು ಅಂತ ಈ ಮೇಜಿನ ಸುತ್ತ ಗೊತ್ತಿಲ್ಲದವರು ಇದ್ದೀರಾ? ಎಲ್ಲರಿಗೂ ಯಾರು ಅಂತ ಗೊತ್ತಾದ್ರೆ ಅದೇ ಹೆಸರು" ಅಂತ ಗಂಟೆ ಹೊಡೆದಿದ್ದರು. ಇದನ್ನು ನಾನು ಹೇಳಿದಾಗ ಅವರು ತಮ್ಮ ಗದ್ದವನ್ನು ಎರಡು ಕೈಯಲ್ಲಿ ಹಿಡಿದು ಕೆಳಕ್ಕೆ ಎಳೆದು ತೋರಿಸಿದರು. ನನಗೆ ನಗು ತಡೆಯಲಿಲ್ಲ.

ಮಾರ್ಚ್ 19, ಮಂಗಳವಾರ

ಹೇಳಿದರು! "ಹಾರ್ಲನ್ ಟೀಗ್." ಪೂರ್ತಿ! ಒಂದಲ್ಲ, ನಾಲ್ಕು ಸಲ. ಕೇಳಿದಾಗಲೆಲ್ಲಾ ಹೇಳಿದರು. ಮಾರ್ಲಾ ಅತ್ತಳು. ನಾನೂ ಅತ್ತೆ. ಮೊದಲ ಸರದಿಗೆ ಈ ಹೆಸರು ಬಂದರೆ ಸಾಕು, ಧೈರ್ಯ ಬರುತ್ತದೆ, ಉಳಿದವು ಅದರ ಹಿಂದೆ ಬರುತ್ತವೆ.

ಅವರ ಮುಂದೆ ಇನ್ನೂ ನಾಲ್ಕು ಜನ ಇದ್ದಾರೆ. ಅದನ್ನು ಇವತ್ತು ಯೋಚಿಸುವುದಿಲ್ಲ. ಅಂದರೂ ಯೋಚಿಸುತ್ತಾ ಕೂತಿದ್ದೇನೆ.

ಮಾರ್ಚ್ 23, ಶನಿವಾರ

ಎಲ್ಲಿಂದ ಶುರುಮಾಡಲಿ.

ಆಯ್ಕೆ ನಡೆದದ್ದು ಸ್ಲೋವಾಕ್ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ. ಬೆಣ್ಣೆಯಲ್ಲಿ ಈರುಳ್ಳಿ ಹುರಿದ ವಾಸನೆ, ಒಂದು ದೊಡ್ಡ ತಟ್ಟೆ ತುಂಬ ಪಿರೋಗಿ ಕಡುಬು. ಎಮರಿಯವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ವಿಲ್ಫ್ರೆಡೋ ಬೆಳಿಗ್ಗೆಯೇ ಮನೆಗೆ ಹೋಗಿ ಕ್ಷೌರ ಮಾಡಿದ್ದನಂತೆ. "ನೋಡ್ರಪ್ಪಾ, ಮದುಮಗ ಬಂದ" ಅಂದ. ನಾನು ಗಂಟೆ, ಮೊಟ್ಟೆ ಬೇಯಿಸುವಾಗ ಹೊತ್ತು ನೋಡುವ ಮರಳಿನ ಗಡಿಯಾರ ಎರಡನ್ನೂ ಮುಂದಿಟ್ಟುಕೊಂಡು ಕೂತೆ.

ನನ್ನ ಸರದಿಗೆ ನಾನು ಒಬ್ಬ ಚಿಕ್ಕ ವಯಸ್ಸಿನವನ ಹೆಸರು ಹೇಳಿದೆ. ಹುಚ್ಚನ ಹಾಗೆ ಓಡುತ್ತಾನೆ, ಪಿಚರಿನ ಕಣ್ಣು ತಪ್ಪಿಸಿ ಮುಂದಿನ ಬೇಸಿಗೆ ಕದ್ದು ಓಡುವುದರಲ್ಲಿ ಎತ್ತಿದ ಕೈ, ಬಿದ್ದರೆ ವರ್ಷವೇ ಹೋಯಿತು. ಯಾಕೆ ಹೇಳಿದೆನೋ. "ನಮ್ಮ ವರ್ನಾನೇನೇ ಇವಳು?" ಅಂದ ವಿಲ್ಫ್ರೆಡೋ.

ನಾಲ್ಕನೆಯವನು ಗೇಲ್. ಕನ್ನಡಕ ಒರೆಸಿಕೊಂಡು, "ಹಾರ್ಲನ್ ಟೀಗ್" ಅಂದ.

ಗಂಟೆ ಹೊಡೆಯಲೇಬೇಕು, ಹೊಡೆದೆ. ಅದರ ಸದ್ದು ನನ್ನ ಹಲ್ಲಿನೊಳಗೆ ಕೇಳಿಸಿತು.

ಎಮರಿಯವರ ಸರದಿ. ಮರಳು ಬೀಳತೊಡಗಿತು, ಅದು ಮುಗಿಯುವುದರೊಳಗೆ ಹೆಸರು ಬರಬೇಕು. ಅವರು ಬಾಯಿ ತೆರೆದರು, ಮುಚ್ಚಿದರು, ಎಲ್ಲರೂ ತಮ್ಮ ತಟ್ಟೆ ನೋಡಿಕೊಂಡರು. ಆಮೇಲೆ ಸ್ಪಷ್ಟವಾಗಿ, ಸುಂದರವಾಗಿ, "ಹಾರ್ಲನ್ ಟೀಗ್" ಅಂದರು. ಇದ್ದದ್ದು ಅದೊಂದೇ ಹೆಸರು.

ಗೇಲ್ ಮುಖ ಬಿಳಿಚಿಕೊಂಡಿತು. "ನನಗೆ ಗೊತ್ತಿರ್ಲಿಲ್ಲ ವರ್ನಾ. ದೇವರಾಣೆಗೂ ಗೊತ್ತಿರ್ಲಿಲ್ಲ. ತಗೋ ಎಮರಿ, ಅವನು ನಿನಗೇ ಇರಲಿ, ನಾನು ಬೇರೆ ಹೇಳ್ತೀನಿ."

ಎಮರಿಯವರು ಅವನನ್ನು ದುರುಗುಟ್ಟಿ ನೋಡಿ ಅಂಗೈಯನ್ನು ಮೇಜಿಗೆ ಒತ್ತಿದರು. ಗಂಟೆ ಹೊಡೆದಾಗಿದೆ. ಮರಳು ಮುಗಿಯಿತು. "ಸರದಿ ಹೋಯ್ತು" ಅಂತ ನಾನೇ ಹೇಳಬೇಕಾಯಿತು.

ಎರಡನೇ ಸುತ್ತು. ಇದೂ ಹೋದರೆ ಕುರ್ಚಿ ಹೋದಂತೆಯೇ. ಮತ್ತೆ ಅವರ ಸರದಿ ಬಂತು. ಅವರು ಕಾರ್ಡು ನೋಡಲಿಲ್ಲ, ಗೇಲ್‌ನನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಮರಳು ಅರ್ಧ ಇಳಿಯಿತು. "ಮಂಗಳವಾರ" ಅಂದರು. ಇನ್ನೊಮ್ಮೆ, ಜೋರಾಗಿ, "ಮಂಗಳವಾರ!"

ನನಗೆ ಅಷ್ಟು ಹೊತ್ತೂ ಇದ್ದ ಹೆದರಿಕೆ ಎಲ್ಲಿ ಹೋಯಿತೋ. ಎದ್ದು ನಿಂತೆ. "ಬಾಯಿಂದ ಬಂದಿದೆ. ಎಲ್ಲರಿಗೂ ಯಾರು ಅಂತ ಗೊತ್ತಾದ್ರೆ ಅದೇ ಹೆಸರು, ಗದ್ದದವನ ವರ್ಷ ಎಮರಿನೇ ಹೇಳಿದ್ದು. ಮಂಗಳವಾರ ಅಂದ್ರೆ ಯಾರು? ಗೊತ್ತಿದ್ದವರು ಕೈ ಎತ್ತಿ."

ಮೊದಲು ಕೈ ಎತ್ತಿದವನು ಗೇಲ್. ಎತ್ತಿದ್ದಲ್ಲ, ಎಸೆದ ಅನ್ನಬೇಕು. "ಟೋಬಿಯಾಸ್ ಲುಂಡ್! ಇಷ್ಟೂ ಗೊತ್ತಾಗಲ್ವಾ? ಎರಡನೇ ಸುತ್ತಿನಲ್ಲಿ ಇವನು ಕ್ಯಾಚರನ್ನ ಬಿಟ್ಟು ಯಾರನ್ನ ತಗೊಂಡಿದ್ದಾನೆ ಹೇಳಿ? ಕಾರ್ಖಾನೆ ತಂಡಕ್ಕೆ ತಾನೇ ಚೆಂಡು ಹಿಡಿಯೋ ಕ್ಯಾಚರ್ ಆಗಿದ್ದೆ ಅಂತ ಪ್ರತಿ ವರ್ಷ ಇದೇ ದಡ್ಡತನ ಮಾಡ್ತಾನೆ! ಉಳಿದಿರೋ ಒಳ್ಳೇ ಕ್ಯಾಚರ್ ಲುಂಡ್ ಒಬ್ಬನೇ!"

"ಲುಂಡೇ, ಲುಂಡೇ" ಅಂತ ವಿಲ್ಫ್ರೆಡೋ. ಎಲ್ಲಾ ಕೈಗಳೂ ಮೇಲೆ ಹೋದವು. ಗಂಟೆ ಹೊಡೆದೆ.

ಎಮರಿಯವರು ತಲೆ ಅಲ್ಲಾಡಿಸಿದರು. ಅಲ್ಲ ಅಂತ. ಜೋರಾಗಿ. ಆಮೇಲೆ ಒಂದು ಬೈಗುಳ ಬಂತು, ಅದನ್ನು ಇಲ್ಲಿ ಬರೆಯಲಾರೆ, ಕ್ಲಬ್ಬಿನ ಅಡುಗೆಯವಳು ಬಾಗಿಲಿಂದ ಇಣುಕಿ ನೋಡಿದಳು.

"ಅಲ್ವಾ?" ಅಂದ ಗೇಲ್ ಸಣ್ಣ ದನಿಯಲ್ಲಿ. "ಲುಂಡ್ ಅಲ್ವಾ?"

ಎಲ್ಲರೂ ನನ್ನ ಕಡೆ ತಿರುಗಿದರು. ಕರುಣೆ ತೋರಿಸು ಅಂತ ಎಲ್ಲರ ಮುಖದಲ್ಲೂ ಇತ್ತು. ಆದರೆ ಎಮರಿಯೊಬ್ಬನಿಗೆ ಮಾತ್ರ ಗಂಟೆಯನ್ನು ವಾಪಸ್ ತೆಗೆದುಕೊಂಡರೆ, ಅವನು ಆ ಮೇಜಿಗೆ ಕೂತದ್ದೇ ಸುಳ್ಳಾಗುತ್ತಿತ್ತು. "ಗಂಟೆ ಹೊಡೆದಾಯ್ತು ಎಮರಿ" ಅಂದೆ. "ಲುಂಡ್ ನಿನ್ನೋನು. ಸುಮ್ನೆ ಕೂತ್ಕೋ."

ಅವನು ನನ್ನನ್ನು ನೋಡಿದ. ನೋಡುತ್ತಲೇ ಇದ್ದ. ಆಮೇಲೆ ಅಂಗೈ ಎತ್ತಿ ಮೇಜಿನ ಮೇಲೆ ಚಪ್ಪಟೆಯಾಗಿ ಒತ್ತಿದ, ತನ್ನ ವಿರುದ್ಧ ತಾನೇ. ಮುಖದ ಅರ್ಧ ನಕ್ಕಿತು. ಅಲ್ಲಿಗೆ ಕೋಣೆಯೆಲ್ಲಾ ಬಿದ್ದು ಬಿದ್ದು ನಕ್ಕಿತು.

ಆಮೇಲಿನ ಸುತ್ತುಗಳೆಲ್ಲಾ ಹೀಗೇ. ಅವನು ಎದ್ದು ನಿಂತು ಒಬ್ಬ ಆಟಗಾರನ ಹಾಗೆ ಬ್ಯಾಟು ಹಿಡಿದು ಸೊಂಟ ಕುಣಿಸಿ ಒಂದು ಬೈಗುಳ ಬಿಡುವುದು, ಎಲ್ಲರೂ ಒಟ್ಟಿಗೆ ಹೆಸರು ಕೂಗುವುದು. ಪ್ರತಿಯೊಬ್ಬನಿಗೂ ಬೇರೆ ಬೇರೆ ಬೈಗುಳ! ಬಾಯಿಂದ ಏನೋ ಬರುತ್ತಿತ್ತು, ಅದು ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತಿತ್ತು, ನನ್ನ ಪ್ರಕಾರ ನಿಯಮಕ್ಕೆ ಅಷ್ಟು ಸಾಕು. ಗೇಲ್ ಒಮ್ಮೆ ಆಕ್ಷೇಪ ಎತ್ತಿದ, "ಆ ಬೈಗುಳ ಆಗಲೇ ಹೋಗಿದೆ" ಅಂತ. ಇನ್ನೊಂದು ಸಲವೂ ಊಹೆ ತಪ್ಪಿತು. ಅದಕ್ಕೂ ಗಂಟೆಯೇ ಗಟ್ಟಿ.

ಮನೆಗೆ ಬಂದೆ. ಬೆಳಿಗ್ಗೆ ಒಲೆ ಆರಿಸಿದ್ದೆನೋ ಇಲ್ಲವೋ ನೆನಪೇ ಆಗಿರಲಿಲ್ಲ. ಮನೆ ಇಲ್ಲೇ ಇದೆ, ಆರಿಸಿರಬೇಕು.

ಮಾರ್ಚ್ 24, ಭಾನುವಾರ

ಲುಂಡ್ ಅಲ್ಲದಿದ್ದರೆ ಮತ್ತೆ ಯಾರು? ಕಾರ್ಡುಗಳನ್ನೆಲ್ಲಾ ಹರಡಿ ನೋಡಿದೆ. ಮಂಗಳವಾರ ಎಸೆಯುವ ಪಿಚರ್ ಯಾರಾದರೂ ಇದ್ದಾರಾ ಅಂತಲೂ ಹುಡುಕಿದೆ. ಸರಿಹೊಂದುವವರು ಯಾರೂ ಇಲ್ಲ.

ಏಪ್ರಿಲ್ 2, ಮಂಗಳವಾರ

ಎಮರಿ ಜೊತೆ ವಾರದ ತಂಡ ಕೂರಿಸಿದೆ. ಯಾರು ಆಡಬೇಕು, ಯಾರು ಬೆಂಚಿನ ಮೇಲೆ ಅಂತ ಕಾರ್ಡುಗಳನ್ನು ಎಡಕ್ಕೆ ಬಲಕ್ಕೆ ತಳ್ಳುತ್ತಾನೆ. ಲುಂಡ್‌ನನ್ನು ಬೆಂಚಿಗೆ ತಳ್ಳಿದ, ಹಟ. ನಾನು ಎತ್ತಿ ಆಡುವವರ ಕಡೆ ಇಟ್ಟೆ. ಮತ್ತೆ ತಳ್ಳಿದ. "ತಂಡ ನಿನ್ನದು, ಸೋಲು" ಅಂದೆ.

ಏಪ್ರಿಲ್ 11, ಗುರುವಾರ

ಕೆಲಸ ಮುಗಿಸಿ ನೇರ ಎಮರಿ ಮನೆಗೆ ಹೋದೆ. ಹಿಮ ಕರಗಿ ಅಂಗಳದಲ್ಲಿ ಹಸಿರು ಕಾಣುತ್ತಿದೆ. ಅವನು ಕಿಟಕಿಯಲ್ಲಿದ್ದ. ನಾನು ಒಳಗೆ ಕಾಲಿಡುವ ಮೊದಲೇ, "ಮಂಗಳವಾರ!" ಅಂದ.

"ಇವತ್ತು ಗುರುವಾರ ಕಣೋ" ಅಂದೆ ಕೋಟು ಬಿಚ್ಚುತ್ತಾ. "ಅಂದಹಾಗೆ ನಿನ್ನ ಮಂಗಳವಾರ ನಿನ್ನೆ ಎರಡು ಸಲ ಚೆಂಡನ್ನ ಬೇಲಿ ದಾಟಿಸಿದ್ದಾನೆ, ನೀನು ಬೆಂಚಿಗೆ ಹಾಕಿದ್ದೆ. ವಿಲ್ಫ್ರೆಡೋ ಅಂಗಡಿಯಲ್ಲಿ ಈಗ ಲುಂಡ್ ಅನ್ನೋರೇ ಇಲ್ಲ, ಎಲ್ಲರೂ ಮಂಗಳವಾರ ಹೊಡೆದ, ಮಂಗಳವಾರ ಹಿಡಿದ ಅಂತಾರೆ."

ಅವನಿಗೆ ಸಿಟ್ಟು ಬಂತು. ಲುಂಡ್‌ನ ಕಾರ್ಡನ್ನು ಎತ್ತಿ ತೋರಿಸಿದ, ಅಲ್ಲ ಅಂತ ತಲೆಯಾಡಿಸಿದ, ಕೆಳಗೆಸೆದ. ಬೆರಳೆತ್ತಿ ನನ್ನ ಕಡೆ ಚಾಚಿದ. "ಮಂಗಳವಾರ."

"ನನ್ನ ಕೇಳಿದ್ರೆ ನಾನೇನು ಹೇಳಲಿ? ಅವತ್ತು ನೀನು ಯಾರನ್ನ ಕರೆದೆ ಅಂತ ಯಾರಿಗೆ ಗೊತ್ತು?"

ಬೆರಳು ಹಾಗೇ ಇತ್ತು. ಕೈ ಕೆಳಗಿಳಿಸಲಿಲ್ಲ.

ಮಾರ್ಲಾ ನಲ್ಲಿ ನಿಲ್ಲಿಸಿದಳು. ತಿರುಗದೆಯೇ, "ಎಲ್ಲರಿಗೂ ಗೊತ್ತು ವರ್ನಾ ಆಂಟಿ" ಅಂದಳು. "ವಿಲ್ಫ್ರೆಡೋಗೆ ಗೊತ್ತು, ಪಕ್ಕದ ಮನೆಯವರಿಗೆ ಗೊತ್ತು, ಅಂಚೆಯವನಿಗೂ ಗೊತ್ತು. ಪಾಪ, ಗೇಲ್‌ಗೂ ಮೊನ್ನೆ ಗೊತ್ತಾಯ್ತು. ನಿಮಗೊಬ್ಬರಿಗೆ ಬಿಟ್ಟು."

ನಾನು ಕುರ್ಚಿ ಎಳೆದು ಕೂತೆ. ಮಂಗಳವಾರ ಬರ್ತೀನಿ ಅಂದಿದ್ದವಳು ನಾನೇ. ಎಲ್ಲರಿಗೂ ಯಾರು ಅಂತ ಗೊತ್ತಾದರೆ ಅದೇ ಹೆಸರು. ನಿಯಮ ಅವನೇ ಮಾಡಿದ್ದು, ನಾನೇನು ಮಾಡಲಿ. ಚೀಲದೊಳಗೆ ಕೈ ಹಾಕಿದೆ, ಗಂಟೆ ಅಲ್ಲೇ ಇತ್ತು. ತೆಗೆದು ಹೊಡೆದೆ.

ಎಮರಿ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟ.